'ಯಾವುದು ದೊಡ್ಡದು?' ಅಂತ ಕೇಳುವುದನ್ನು ಬಿಟ್ಟ ಮೇಲೆ

ಒಂದನೇ ತರಗತಿಗೆ ಪಾಠ ಮಾಡಲು ಶುರು ಮಾಡಿದಾಗ ಮಕ್ಕಳ ಮುಂದೆ ಎರಡು ಪಾತ್ರೆ ಇಟ್ಟು "ಯಾವುದು ದೊಡ್ಡದು?" ಅಂತ ಕೇಳುತ್ತಿದ್ದೆ. ಒಂದು ಉದ್ದನೆಯ ತೆಳ್ಳಗಿನ ಬಾಟಲಿ, ಇನ್ನೊಂದು ಗಿಡ್ಡ, ಅಗಲವಾದ ಡಬ್ಬಿ. ಹೆಚ್ಚಿನ ಮಕ್ಕಳು ಬಾಟಲಿಯ ಕಡೆಗೇ ಬೆರಳು ತೋರಿಸುತ್ತಿದ್ದರು. "ಅಲ್ಲ, ಡಬ್ಬಿ" ಅಂತ ನಾನು ತಿದ್ದುತ್ತಿದ್ದೆ. ಮಾರನೇ ದಿನ ಕೇಳಿದರೆ ಮತ್ತೆ ಬಾಟಲಿಯೇ.

ಪ್ರಶ್ನೆಯೇ ಸರಿಯಿಲ್ಲ ಅಂತ ಹೊಳೆಯಲು ಸ್ವಲ್ಪ ಕಾಲ ಬೇಕಾಯಿತು. 'ದೊಡ್ಡದು' ಅನ್ನುವ ಮಾತಿಗೆ ನಮ್ಮಲ್ಲಿ ಎಷ್ಟೊಂದು ಅರ್ಥ ನೋಡಿ. ಎತ್ತರ ಇದ್ದರೂ ದೊಡ್ಡದು, ಅಗಲ ಇದ್ದರೂ ದೊಡ್ಡದು, ವಯಸ್ಸಾದರೆ ದೊಡ್ಡವರು. ಮಗುವಿಗೆ ಮೊದಲು ಕಾಣುವುದು ಎತ್ತರ. ಅಣ್ಣ ಎತ್ತರ ಇದ್ದಾನೆ, ಅದಕ್ಕೇ ಅವನು ದೊಡ್ಡವನು. ಅಲ್ವಾ? ಆಮೇಲಿಂದ "ಯಾವುದರಲ್ಲಿ ಜಾಸ್ತಿ ನೀರು ಹಿಡಿಯುತ್ತೆ?" ಅಂತ ಕೇಳತೊಡಗಿದೆ. ಉತ್ತರ ಒಂದೇ ದಿನಕ್ಕೆ ಬದಲಾಗಲಿಲ್ಲ. ಆದರೆ ಮಕ್ಕಳು ಪಾತ್ರೆಯ ಒಳಗೆ ಇಣುಕಿ ನೋಡಲು ಶುರು ಮಾಡಿದರು. ನನಗೆ ಬೇಕಾಗಿದ್ದೂ ಅದೇ.

ಮೊದಲ ಎರಡು ದಿನ ನಾನು ಏನೂ ಕೇಳುವುದಿಲ್ಲ. ಅಂಗಳದಲ್ಲಿ ಒಂದು ಟಬ್ ನೀರು, ಬೇರೆ ಬೇರೆ ಆಕಾರದ ಪ್ಲಾಸ್ಟಿಕ್ ಡಬ್ಬಿ, ಲೋಟ, ಒಂದು ಆಲಿಕೆ, ನೆಲ ಒರೆಸಲು ಬಟ್ಟೆ. ಸುಮ್ನೆ ಆಡಲಿ, ಸುರಿಯಲಿ, ಚೆಲ್ಲಲಿ. ಖಾಲಿ, ಅರ್ಧ, ತುಂಬಿದೆ, ಉಕ್ಕಿತು ಅನ್ನುವ ಮಾತುಗಳು ಆಟದಲ್ಲೇ ಬಾಯಿಗೆ ಬರುತ್ತವೆ.

ಇಲ್ಲಿ ಇನ್ನೊಂದು ಮಾತಿನ ತೊಡಕಿದೆ. 'ತುಂಬಿದೆ' ಅಂದರೆ ಬಾಯಿತನಕ ಇದೆ ಅಂತ. 'ತುಂಬಾ ಇದೆ' ಅಂದರೆ ಜಾಸ್ತಿ ಇದೆ ಅಂತ. ಚಿಕ್ಕ ಮಕ್ಕಳಿಗೆ ಇವೆರಡೂ ಒಂದೇ. ಒಂದು ಪುಟ್ಟ ಲೋಟದ ತುಂಬ ನೀರು, ಪಕ್ಕದಲ್ಲಿ ಅರ್ಧ ನೀರಿರುವ ದೊಡ್ಡ ಜಗ್ ಇಟ್ಟು, ಎಲ್ಲಿ ಜಾಸ್ತಿ ನೀರಿದೆ ಅಂತ ಕೇಳಿ ನೋಡಿ. "ಲೋಟದಲ್ಲಿ, ಅದು ತುಂಬಿದೆ" ಅನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಪಾತ್ರೆ ಎಷ್ಟು ಹಿಡಿಯಬಲ್ಲದು ಅನ್ನುವುದು ಒಂದು ಸಂಗತಿ. ಈಗ ಅದರಲ್ಲಿ ಎಷ್ಟಿದೆ ಅನ್ನುವುದು ಇನ್ನೊಂದು. ಧಾರಣ ಸಾಮರ್ಥ್ಯ, ಗಾತ್ರ ಅನ್ನುವ ಪದಗಳನ್ನು ನಾನು ಆಗಲೇ ಹೇಳುವುದಿಲ್ಲ. ಈ ಜಗ್ ಮತ್ತು ಲೋಟದ ಆಟವನ್ನು ಮಾತ್ರ ಮತ್ತೆ ಮತ್ತೆ ಆಡಿಸುತ್ತೇನೆ.

ಆಮೇಲೆ ಸುರಿದು ನೋಡುವ ಕೆಲಸ. ಮೊದಲು ಊಹೆ. ಆಮೇಲೆ ಬಾಟಲಿಯ ತುಂಬ ನೀರು ತುಂಬಿ ಡಬ್ಬಿಗೆ ಸುರಿಯುವುದು. ಉಕ್ಕಿದರೆ ಬಾಟಲಿಯಲ್ಲಿ ಜಾಸ್ತಿ ಹಿಡಿಯುತ್ತದೆ, ಜಾಗ ಉಳಿದರೆ ಡಬ್ಬಿಯಲ್ಲಿ. ನಮಗೆ ಇದು ನೀರು ಕುಡಿದಷ್ಟು ಸುಲಭ. ಒಮ್ಮೆ ಒಬ್ಬ ಹುಡುಗ ಒಂದು ತೊಟ್ಟೂ ಚೆಲ್ಲದೆ ಸುರಿದ. ಡಬ್ಬಿ ಮುಕ್ಕಾಲು ಭಾಗ ತುಂಬಿತು. ಅವನು ಅದನ್ನೇ ನೋಡಿ, "ಮಿಸ್, ಡಬ್ಬಿ ತುಂಬಲೇ ಇಲ್ಲ. ಬಾಟಲಿ ತುಂಬಿತ್ತು. ಬಾಟಲಿದೇ ಜಾಸ್ತಿ" ಅಂದ. ಪ್ರಯೋಗ ಸರಿಯಾಗಿತ್ತು, ಅದನ್ನು ಓದಿದ್ದು ತಿರುವುಮುರುವಾಗಿತ್ತು.

ನಾನು ತಿದ್ದಲಿಲ್ಲ. ನೀರಿನ ಮಟ್ಟಕ್ಕೆ ಸರಿಯಾಗಿ ಡಬ್ಬಿಯ ಹೊರಗೆ ಬಣ್ಣದ ಟೇಪ್ ಅಂಟಿಸಿದೆ. "ಟೇಪಿನ ಕೆಳಗಿರುವುದು ಯಾರ ನೀರು?" ಅಂತ ಕೇಳಿದೆ. "ಬಾಟಲಿದು." "ಮೇಲೆ ಏನಿದೆ?" "ಏನೂ ಇಲ್ಲ." "ಅಲ್ಲಿ ಇನ್ನೂ ನೀರು ಹಾಕಬಹುದಾ?" ಅವನೇ ಲೋಟ ತಂದು ಹಾಕಿದ. ಒಂದು, ಎರಡು. ಎರಡನೆಯ ಲೋಟಕ್ಕೆ ಡಬ್ಬಿ ತುಂಬಿತು. ಅವನು ಖಾಲಿ ಬಾಟಲಿ ನೋಡಿದ, ಟೇಪ್ ನೋಡಿದ. "ಬಾಟಲಿ ಮತ್ತೆ ಎರಡು ಲೋಟ!" ಅಂದ. ಅಂದಿನಿಂದ ಟೇಪಿನ ಸುರುಳಿ ಸದಾ ನನ್ನ ಚೀಲದಲ್ಲಿರುತ್ತದೆ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿಸಿದ ಪರೀಕ್ಷೆ ಬಹಳ ಜನರಿಗೆ ಗೊತ್ತಿದೆ. ಒಂದೇ ಥರದ ಎರಡು ಲೋಟದಲ್ಲಿ ಸಮ ನೀರು. ಒಂದನ್ನು ಮಗುವಿನ ಕಣ್ಣೆದುರೇ ಉದ್ದನೆಯ ಲೋಟಕ್ಕೆ ಸುರಿದರೆ, ಸುಮಾರು ಏಳು ವರ್ಷದೊಳಗಿನ ಎಷ್ಟೋ ಮಕ್ಕಳು "ಈಗ ಜಾಸ್ತಿ ಆಯಿತು" ಅನ್ನುತ್ತಾರೆ. ನನ್ನ ಮಕ್ಕಳೂ ಹಾಗೇ ಅಂದರು. ನಾನು ಕಲಿತಿದ್ದು ಇಷ್ಟು: ಸುರಿಯುವ ಮೊದಲೊಮ್ಮೆ, ಸುರಿದ ಮೇಲೊಮ್ಮೆ ಅಂತ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬಾರದು. ಎರಡನೇ ಸಲ ಕೇಳಿದರೆ, ಮೊದಲ ಉತ್ತರ ತಪ್ಪಿರಬೇಕು ಅಂದುಕೊಂಡು ಮಗು ಮಾತು ಬದಲಿಸುತ್ತದೆ. ಅದರ ಬದಲು ನೀರನ್ನು ಹಳೇ ಲೋಟಕ್ಕೆ ವಾಪಸ್ ಸುರಿಯಲು ಹೇಳುತ್ತೇನೆ.

ಲೋಟದಿಂದ ಎಣಿಸುವುದು ಆಮೇಲಿನ ಹಂತ. ಎಣಿಕೆ ಮರೆತುಹೋಗದಂತೆ ಒಂದೊಂದು ಲೋಟಕ್ಕೆ ಒಂದೊಂದು ಕಲ್ಲು ಪಕ್ಕಕ್ಕಿಡಿಸಿ. ಒಂದು ಗುಂಪಿಗೆ ಚಿಕ್ಕ ಲೋಟ, ಇನ್ನೊಂದಕ್ಕೆ ದೊಡ್ಡದು ಕೊಟ್ಟರೆ ಒಂದೇ ಜಗ್‌ಗೆ ಎರಡು ಲೆಕ್ಕ ಬರುತ್ತದೆ. ಆಗ ಜಗಳ ಆಗುತ್ತದೆ, ಆಗಲಿ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನುವುದು ಆ ಜಗಳದಲ್ಲೇ ಗೊತ್ತಾಗುತ್ತದೆ. 100 ಮಿಲಿಲೀಟರ್ ಲೋಟ ಹತ್ತು ಸಲ ಸುರಿದರೆ 1 ಲೀಟರ್ ಅನ್ನುವುದನ್ನು ಅದಾದ ಮೇಲೆ ತೋರಿಸಿದರೆ ಸಾಕು.

ನನಗೆ ತುಂಬಾ ಇಷ್ಟವಾದದ್ದು ಕಾಗದದ ಕೊಳವೆ. ಎರಡು ದಪ್ಪ ಎ4 ಹಾಳೆ. ಒಂದನ್ನು ಉದ್ದಕ್ಕೆ ನಿಲ್ಲುವಂತೆ, ಇನ್ನೊಂದನ್ನು ಗಿಡ್ಡಕ್ಕೆ ನಿಲ್ಲುವಂತೆ ಸುತ್ತಿ ಅಂಟಿಸಿ. ಗಿಡ್ಡದರ ಒಳಗೆ ಉದ್ದದ್ದನ್ನು ನಿಲ್ಲಿಸಿ, ಉದ್ದದ್ದರಲ್ಲಿ ಬಾಯಿತನಕ ಒಣ ಮರಳು ತುಂಬಿ. ಈಗ ಉದ್ದದ್ದನ್ನು ನಿಧಾನವಾಗಿ ಮೇಲಕ್ಕೆತ್ತಿ. ಮರಳೆಲ್ಲ ಗಿಡ್ಡ ಕೊಳವೆಗೆ ಜಾರುತ್ತದೆ, ಆದರೂ ಜಾಗ ಉಳಿಯುತ್ತದೆ. ಲೆಕ್ಕ ಹಾಕಿದರೆ ಉದ್ದದ್ದು ಸುಮಾರು 1.04 ಲೀಟರ್, ಗಿಡ್ಡದ್ದು 1.47 ಲೀಟರ್. ಕಾಗದ ಅಷ್ಟೇ ಇದ್ದರೂ ಹೀಗೆ.

ಕಳೆದ ಸಲ ಒಬ್ಬ ಹುಡುಗಿ ಉಳಿದ ಜಾಗವನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. "ಮಿಸ್, ಇನ್ನೂ ಗಿಡ್ಡ ಮಾಡಿದರೆ?" ಅಂದಳು. ಮಾರನೇ ದಿನ ಒಂದು ಹಾಳೆಯನ್ನು ಉದ್ದುದ್ದಕ್ಕೆ ಎರಡು ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಒಂದೇ ಅಗಲವಾದ ಬಳೆಯಂತೆ ಮಾಡಿದೆವು. ಮಕ್ಕಳು ಸುತ್ತ ಕುಳಿತು ಮರಳು ಹಾಕುತ್ತಾ ಹೋದರು. ನಾನು ತಂದಿದ್ದ ಮರಳು ಸಾಲಲಿಲ್ಲ.