ಒಣ ಕಣಿವೆಯಲ್ಲಿ ಕುದುರೆಯೊಡನೆ ಕ್ಯಾಂಪಿಂಗ್: ಕಡಿಮೆ ಖರ್ಚಿನಲ್ಲಿ ಹೇಗೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ಯಾನ್‌ಹ್ಯಾಂಡಲ್ ಬಯಲು ಕುಸಿದು ಕಣಿವೆಯಾಗುವ ಅಂಚಿನಲ್ಲಿ ಕ್ಯಾಪ್‌ರಾಕ್ ಕ್ಯಾನಿಯನ್ಸ್ ಸ್ಟೇಟ್ ಪಾರ್ಕ್ ಇದೆ. ಸುಮಾರು 15,000 ಎಕರೆ ಕೆಂಪು ಬಂಡೆ, ನಡುನಡುವೆ ಜಿಪ್ಸಂನ ಬಿಳಿ ಗೆರೆ. ಸ್ವಂತ ಕುದುರೆ ತರುವವರಿಗೆಂದೇ ಇಲ್ಲಿ ‘ವೈಲ್ಡ್ ಹಾರ್ಸ್’ ಎಂಬ ಕ್ಯಾಂಪ್ ತಾಣವಿದೆ. ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಕುದುರೆ ಟ್ರೇಲರ್ ಎಳೆದುಕೊಂಡು ಹೋಗುವುದಾದರೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಇಂಥ ಪ್ರವಾಸದಲ್ಲಿ ಜಾಗದ ಬಾಡಿಗೆ ಸಣ್ಣ ಬಾಬ್ತು. ದುಡ್ಡು ಕೈಬಿಡುವುದು ಎರಡೇ ಕಡೆ: ಗಾಡಿ ತಾಳಲಾರದಷ್ಟು ಭಾರ ಹೇರಿದಾಗ, ಇಲ್ಲವೇ ನೀರು ಸಾಲದೆ ಕುದುರೆ ಹೊಟ್ಟೆಶೂಲೆಯಿಂದ ನೆಲ ಹಿಡಿದಾಗ. ಈ ಎರಡನ್ನು ಮನೆಯಲ್ಲೇ ಲೆಕ್ಕ ಹಾಕಿ ಹೊರಟರೆ ಮಿಕ್ಕಿದ್ದರಲ್ಲಿ ಧಾರಾಳವಾಗಿ ಉಳಿತಾಯ ಮಾಡಬಹುದು.

ಮೊದಲು ಕಾಗದಪತ್ರ

ಟೆಕ್ಸಾಸ್‌ನ ಸ್ಟೇಟ್ ಪಾರ್ಕ್‌ಗಳಿಗೆ ಕುದುರೆ ತರಬೇಕಾದರೆ ಕಾಗಿನ್ಸ್ ರಕ್ತಪರೀಕ್ಷೆಯ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಪತ್ತೆ ಹಚ್ಚುವ ಪರೀಕ್ಷೆ) ನೆಗೆಟಿವ್ ವರದಿ ಬೇಕು, ಅದೂ ಹಿಂದಿನ 12 ತಿಂಗಳೊಳಗಿನದು. ಪ್ರತಿ ಕುದುರೆಗೂ ಪ್ರತ್ಯೇಕ ವರದಿ. ಲ್ಯಾಬ್ ವರದಿಗೆ ದಿನ ಹಿಡಿಯುವುದರಿಂದ ಮೂರು ವಾರ ಮುಂಚೆಯೇ ರಕ್ತ ತೆಗೆಸಿ. ವರ್ಷಕ್ಕೆ ನಾಲ್ಕಾರು ಸಲ ಪಾರ್ಕ್‌ಗಳಿಗೆ ಹೋಗುವವರು ವಾರ್ಷಿಕ ಪಾಸ್ ಕೊಳ್ಳುವುದು ಲೇಸು: ಇಡೀ ಗಾಡಿಗೆ ಪ್ರವೇಶ ಶುಲ್ಕ ಮಾಫಿ. ಕ್ಯಾಂಪ್ ಬಾಡಿಗೆ ಮಾತ್ರ ಬೇರೆ. ಬುಕ್ ಮಾಡುವಾಗಲೇ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿಬಿಡಿ: ಕುದುರೆ ಕಟ್ಟಲು ಏನು ವ್ಯವಸ್ಥೆಯಿದೆ, ನಲ್ಲಿ ಈಗ ನಡೆಯುತ್ತಿದೆಯೇ, ಬೆಂಕಿ ಹಾಕಲು ನಿಷೇಧವಿದೆಯೇ.

ಗಾಡಿಯ ತೂಕ

ಮಲಗುವ ಕೋಣೆಯನ್ನೂ ಒಳಗೊಂಡ ಕುದುರೆ ಟ್ರೇಲರ್ ಚೆಂದವೇ, ಆದರೆ ದುಬಾರಿ. ಅಗ್ಗದ ದಾರಿಯೆಂದರೆ ಪಿಕಪ್ ಬೆನ್ನ ಮೇಲೆ ಕೂರುವ ಹಳೆಯ ಪಾಪ್-ಅಪ್ ಕ್ಯಾಂಪರ್ (ಚಾವಣಿ ಮೇಲೆತ್ತಿ ಬಿಡಿಸುವ ಮಲಗುಗೂಡು), ಹಿಂದೆ ಎರಡು ಕುದುರೆಯ ಸಾದಾ ಟ್ರೇಲರ್. ಎಡವುವವರು ಹೆಚ್ಚಾಗಿ ಎಡವುವುದೂ ಇಲ್ಲೇ. ಅಲ್ಲಿನ ಗಾಡಿಗಳ ಮೇಲೆ ಪೌಂಡ್‌ನಲ್ಲೇ ಬರೆದಿರುವುದರಿಂದ ಲೆಕ್ಕವನ್ನೂ ಪೌಂಡ್‌ನಲ್ಲೇ ಹಾಕೋಣ.

ಖಾಲಿ ಟ್ರೇಲರ್ 3,000. ಎರಡು ಕುದುರೆ 2,200. ಹುಲ್ಲಿನ ಮೂರು ಬೇಲ್ (ಒತ್ತಿ ಕಟ್ಟಿದ ಹೊರೆ) 150. ನಲವತ್ತು ಗ್ಯಾಲನ್ ನೀರು 330. ಜೀನು, ಲಗಾಮು, ಬಕೆಟ್ಟು ಇತ್ಯಾದಿ 150. ಒಟ್ಟು 5,800ರ ಆಸುಪಾಸು. ಇದರ ಶೇ 10ರಿಂದ 15ರಷ್ಟು, ಅಂದರೆ 580ರಿಂದ 870 ಪೌಂಡ್, ಕೊಂಡಿಯ ಮೂಲಕ ಪಿಕಪ್ಪಿನ ಹಿಂಭಾಗದ ಮೇಲೆ ಕೂರುತ್ತದೆ. ಅದರ ಜೊತೆಗೆ ನೀರು, ಗ್ಯಾಸ್ ತುಂಬಿದ ಕ್ಯಾಂಪರ್ 1,500, ಇಬ್ಬರು ಜನ 350. ಅಲ್ಲಿಗೆ ಪಿಕಪ್ ಹೊರಬೇಕಾದ್ದು 2,400 ದಾಟಿತು. ಚಾಲಕನ ಬಾಗಿಲ ಚೌಕಟ್ಟಿನ ಹಳದಿ-ಬಿಳಿ ಸ್ಟಿಕ್ಕರ್‌ನಲ್ಲಿ ಗಾಡಿ ಹೊರಬಲ್ಲ ತೂಕ ನೋಡಿ: ಹಾಫ್-ಟನ್ (ಮುಕ್ಕಾಲು-ಟನ್ನಿಗಿಂತ ಕೆಳಗಿನ ದರ್ಜೆಯ) ಪಿಕಪ್‌ಗಳಲ್ಲಿ ಸಾಮಾನ್ಯವಾಗಿ 2,000ವೂ ಇರುವುದಿಲ್ಲ. ‘ಎಳೆಯುವ ಶಕ್ತಿ’ ಎಂದು ಜಾಹೀರಾತಿನಲ್ಲಿ ಹೇಳುವ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬಾರದು. ಹೊರುವ ಶಕ್ತಿಯೇ ಮೊದಲು ಮುಗಿಯುವುದು. ಮುಕ್ಕಾಲು-ಟನ್ ಪಿಕಪ್ ಇಲ್ಲದವರು ಕ್ಯಾಂಪರ್ ಆಸೆ ಬಿಟ್ಟು, ಕುದುರೆ ಇಳಿಸಿದ ಮೇಲೆ ಟ್ರೇಲರನ್ನೇ ಗುಡಿಸಿ ತೊಳೆದು, ರಬ್ಬರ್ ಹಾಸಿನ ಮೇಲೆ ಮಡಚುವ ಮಂಚ ಹಾಕಿಕೊಳ್ಳಲಿ.

ಟ್ರೇಲರ್ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ DOT ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಬದಲಿಸಿ. ಈ ಖರ್ಚನ್ನು ಮಾತ್ರ ಮುಂದೂಡಬೇಡಿ.

ನೀರು ಮತ್ತು ಹುಲ್ಲು

ಕಣಿವೆಯ ತೊರೆಗಳಲ್ಲಿ ನೀರು ಕಂಡರೂ ಅದರಲ್ಲಿ ಜಿಪ್ಸಂ ಕರಗಿರುತ್ತದೆ. ಕ್ಯಾಂಪಿಂಗ್‌ನ ಸಾದಾ ಫಿಲ್ಟರ್ ಆಗಲಿ ಕುದಿಸುವುದಾಗಲಿ ಅದನ್ನು ತೆಗೆಯುವುದಿಲ್ಲ. ಹಾಗಾಗಿ ಹೊತ್ತು ತಂದದ್ದೇ ನೀರು. 450 ಕೆ.ಜಿ. ತೂಗುವ ಕುದುರೆಗೆ ತಂಪು ದಿನದಲ್ಲಿ 20ರಿಂದ 40 ಲೀಟರ್ ಸಾಕು. ಬಿಸಿಲಲ್ಲಿ ಸವಾರಿ ಮಾಡಿದ ದಿನ 55 ಲೀಟರ್‌ವರೆಗೂ ಕುಡಿಯುತ್ತದೆ. ತಾಣದಲ್ಲಿ ನಲ್ಲಿ ನಡೆಯುತ್ತಿದ್ದರೂ 40 ಗ್ಯಾಲನ್, ಅಂದರೆ 150 ಲೀಟರ್ ಒಯ್ಯಿರಿ. ನಲ್ಲಿ ಕೆಟ್ಟರೂ ಎರಡು ಕುದುರೆ ಒಂದೂವರೆ-ಎರಡು ದಿನ ನಿಭಾಯಿಸುತ್ತವೆ.

ಇನ್ನೊಂದು ತೊಡಕು: ಹೊಸ ಊರಿನ ನೀರನ್ನು ಎಷ್ಟೋ ಕುದುರೆಗಳು ಮೂಸಿ ಬಿಟ್ಟುಬಿಡುತ್ತವೆ. ಹೊರಡುವ ವಾರಕ್ಕೆ ಮುಂಚಿನಿಂದಲೇ ಮನೆಯ ಬಕೆಟ್ಟಿಗೆ ಒಂದು ಲೋಟ ಸೇಬಿನ ರಸ ಬೆರೆಸಿ ರೂಢಿ ಮಾಡಿಸಿ; ಅಲ್ಲಿಯೂ ಅದೇ ರುಚಿ ಕೊಟ್ಟರೆ ಕುಡಿಯುತ್ತದೆ. ದಿನಕ್ಕೆ 30 ಗ್ರಾಂ ಉಪ್ಪು ಮೇವಿಗೆ ಸೇರಿಸಿ.

ಹುಲ್ಲನ್ನು ಮನೆಯಿಂದಲೇ ತನ್ನಿ. ದಿನಕ್ಕೆ ಒಂದು ಕುದುರೆಗೆ 9 ಕೆ.ಜಿ.ಯಂತೆ ಮೂರು ದಿನಕ್ಕೆ ಎರಡು ಕುದುರೆಗೆ ಎರಡೂವರೆ ಬೇಲ್. ದಾರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಎರಡು ಅಪಾಯ. ಟೆಕ್ಸಾಸ್‌ನಲ್ಲಿ ಎಲ್ಲೆಲ್ಲೂ ಸಿಗುವ ಕೋಸ್ಟಲ್ ಬರ್ಮುಡಾ ಹುಲ್ಲಿನ ಎಳೆ ತೀರ ಸಣ್ಣ. ರೂಢಿಯಿಲ್ಲದ ಕುದುರೆ ಅದನ್ನು ತಿಂದು ನೀರನ್ನೂ ಕಡಿಮೆ ಕುಡಿದರೆ ಸಣ್ಣ ಕರುಳಿನ ತುದಿಯಲ್ಲಿ ಮೇವು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಕುದುರೆಮೆಂತೆಯ (ಅಲ್ಫಾಲ್ಫಾ) ಬೇಲ್‌ನಲ್ಲಾದರೋ ಬ್ಲಿಸ್ಟರ್ ಜೀರುಂಡೆ ಸಿಕ್ಕಿ ಸತ್ತಿರಬಹುದು. ಒಣಗಿದರೂ ಅದರ ವಿಷ ಇಳಿಯದು, ಕುದುರೆಯ ಪ್ರಾಣಕ್ಕೇ ಸಂಚಕಾರ.

ತಾಣದಲ್ಲಿ

ಇಲ್ಲಿ ಬೈಸನ್ (ಅಮೆರಿಕದ ಕಾಡುಕೋಣ) ಹಿಂಡು ಬೇಲಿಯಿಲ್ಲದೆ ಅಡ್ಡಾಡುತ್ತದೆ. ದನಗಾಹಿ ಜಮೀನ್ದಾರ ಚಾರ್ಲ್ಸ್ ಗುಡ್‌ನೈಟ್ 1878ರಲ್ಲಿ ಕಟ್ಟಿದ ಹಿಂಡಿನ ವಂಶ. ಹುಲ್ಲನ್ನು ಹೊರಗೆ ಬಿಟ್ಟರೆ ಅವು ಹುಡುಕಿಕೊಂಡು ಬರುತ್ತವೆ. ಟ್ರೇಲರ್ ಒಳಗಿಟ್ಟು ಬಾಗಿಲು ಹಾಕಿ. ಬೈಸನ್ ನೋಡಿರದ ಕುದುರೆಗೆ ಅದರ ವಾಸನೆಯೇ ಸಾಕು, ಹಗ್ಗ ಕಿತ್ತು ಓಡಲು. ಕನಿಷ್ಠ 50 ಗಜ ದೂರ ಕಾಯ್ದುಕೊಳ್ಳಿ. ಬೈಸನ್ ಬಾಲ ನಿಮಿರಿಸಿತೆಂದರೆ ಕೂಡಲೇ ಹಿಂದೆ ಸರಿಯಿರಿ. ಜುಲೈ, ಆಗಸ್ಟ್ ಅವುಗಳ ಬೆದೆಗಾಲ. ಸೆಕೆಯೂ 38 ಡಿಗ್ರಿ ದಾಟುವುದರಿಂದ ಆ ತಿಂಗಳುಗಳನ್ನು ಬಿಟ್ಟು ಅಕ್ಟೋಬರ್-ನವೆಂಬರ್ ಆರಿಸಿಕೊಳ್ಳಿ.

ಕುದುರೆಯನ್ನು ಜುನಿಪರ್ ಮರಕ್ಕೆ ಕಟ್ಟಬೇಡಿ. ಟ್ರೇಲರಿಗೆ ಕಟ್ಟುವುದಾದರೆ ಮೂಗು ನೆಲ ಮುಟ್ಟುವಷ್ಟೇ ಹಗ್ಗ ಬಿಡಿ. ಒಂದು ಗೇಣು ಹೆಚ್ಚಾದರೂ ಕಾಲು ಸಿಕ್ಕಿಕೊಳ್ಳುತ್ತದೆ.

ಕ್ಯಾಂಪರಿನ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಬಳಸಲು ಸಿಗುವುದು ಅರ್ಧ ಮಾತ್ರ. ಚಳಿರಾತ್ರಿ ಹೀಟರ್ ಫ್ಯಾನ್ ಒಂದೇ 35 ಆಂಪಿಯರ್-ಅವರ್‌ನಷ್ಟು ಕುಡಿಯುತ್ತದೆ. 200 ವಾಟ್ ಸೌರಫಲಕ ಒಳ್ಳೆಯ ಬಿಸಿಲಲ್ಲಿ ಅದನ್ನು ತುಂಬಿಕೊಡುತ್ತದೆ.

ಸವಾರಿಗೆ ಬೆಳಗ್ಗೆಯೇ ಹೊರಡಿ. ಎಲ್ಲ ಹಾದಿಗಳೂ ಕುದುರೆಗೆ ತೆರೆದಿರುವುದಿಲ್ಲ, ನಕ್ಷೆ ನೋಡಿಯೇ ಹಾದಿ ಆರಿಸಿ. ಮರಳಿದ ಮೇಲೆ ಹತ್ತು-ಹದಿನೈದು ನಿಮಿಷದಲ್ಲಿ ನಾಡಿ 60ಕ್ಕಿಂತ ಕೆಳಗಿಳಿಯಬೇಕು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ: ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಆ ದಿನಕ್ಕೆ ಸವಾರಿ ಮುಗಿಯಿತು. ಗೊರಸಿನ ಸಂದಿಯಲ್ಲಿ ಮೆಸ್ಕೀಟ್ ಮುಳ್ಳು, ಕಾಲಿನಲ್ಲಿ ಪಾಪಾಸುಕಳ್ಳಿ ಮುಳ್ಳು ಹುಡುಕಿ ಚಿಮುಟದಿಂದ ಕೀಳಿ.

ಹೊರಡುವ ಬೆಳಗ್ಗೆ ಲದ್ದಿಯನ್ನು ಪಾರ್ಕಿನವರು ತೋರಿಸಿದ ಕಡೆ ಸುರಿಯಿರಿ. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ನೋಡಿಕೊಳ್ಳಿ. ದಾರಿಯಲ್ಲಿ ಮೂರು ಗಂಟೆಗೊಮ್ಮೆ ನಿಲ್ಲಿಸಿ, ಕುದುರೆಗಳನ್ನು ಇಳಿಸದೆ, ಮನೆಯಿಂದ ತಂದ ನೀರಲ್ಲಿ ಉಳಿದದ್ದನ್ನು ಬಕೆಟ್ಟಿನಲ್ಲಿ ಕೊಡಿ.