ಚಳಿನಾಡಿನ ಬಯಲುಗೆಲಸಕ್ಕೆ ಮೈಯಳತೆಯ ಬಟ್ಟೆ: ಸಣ್ಣ ಮೈಕಟ್ಟಿನವರಿಗೊಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಕೆನಡಾಕ್ಕೆ ಬಂದು ಕಟ್ಟಡದ ಕೆಲಸ, ರಸ್ತೆ ಕೆಲಸ, ಗೋದಾಮಿನ ಅಂಗಳದ ಕೆಲಸ ಹಿಡಿಯುವ ನಮ್ಮ ಹುಡುಗರಲ್ಲಿ ಅನೇಕರು ಐದಡಿ ಮೂರು-ನಾಲ್ಕು ಇಂಚು ಎತ್ತರದವರು, ಐವತ್ತೈದು ಕಿಲೋ ಆಸುಪಾಸು ತೂಗುವವರು. ನಾನೂ ಅದೇ ಮೈಕಟ್ಟಿನವನು. ನಾನು ನೆಲೆಸಿರುವ ಎಡ್ಮಂಟನ್ ನಗರದಲ್ಲಿ ಚಳಿಗಾಲದ ಕೆಲವು ದಿನ ಉಷ್ಣಾಂಶ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುತ್ತದೆ, ಆಗಲೂ ಬಯಲಿನ ಕೆಲಸ ಪೂರ್ತಿ ನಿಲ್ಲುವುದಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ದುಡಿದು ಬಂದ ದೇಹ ಇದನ್ನೂ ತಾಳಿಕೊಳ್ಳುತ್ತದೆ, ಆದರೆ ಬಟ್ಟೆ ಸರಿಯಿದ್ದರೆ ಮಾತ್ರ. ಸೋಷಿಯಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ಖಾತೆ, ಆರೋಗ್ಯ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇವನ್ನೆಲ್ಲ ಬಂದ ಕೂಡಲೇ ಮಾಡಿಸಿಕೊಳ್ಳಿ. ಅದಕ್ಕೆ ದಾರಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಸಣ್ಣ ಮೈಕಟ್ಟಿನ ಗಂಡಸಿಗೆ ಚಳಿಯ ಕೆಲಸದ ಬಟ್ಟೆ ಎಲ್ಲಿ ಸಿಗುತ್ತದೆ, ಹೇಗೆ ಆರಿಸಬೇಕು ಎಂದು ಹೇಳುವವರು ನನಗೆ ಸಿಗಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಳೆದ ಸಲ ಕಲಬುರಗಿಗೆ ಹೋಗಿದ್ದಾಗ, ವೀಸಾ ಕೈಗೆ ಬಂದಿದ್ದ ಸೇಡಂ ಕಡೆಯ ಹುಡುಗನೊಬ್ಬ ಮನೆಗೆ ಬಂದು, "ಕಾಕಾ, ಎರಡು ಸೈಜು ದೊಡ್ಡ ಜಾಕೆಟ್ ತಗೊಂಡ್ರ ಒಳಗ ಎರಡು ಸ್ವೆಟರ್ ಹಿಡಸ್ತಾವಲ್ರಿ, ಅಷ್ಟು ಸಾಕಲ್ರಿ?" ಎಂದು ಕೇಳಿದ. ಬೆಳೆಯುವ ಮಕ್ಕಳಿಗೆ ಹಬ್ಬದ ಅಂಗಿಯನ್ನು ಒಂದು ಸೈಜು ದೊಡ್ಡದಾಗಿ ಕೊಂಡು ಎರಡು ವರ್ಷ ಓಡಿಸುವ ಮನೆಗಳಿಂದ ಬಂದ ನಮಗೆ ಈ ಲೆಕ್ಕ ಸಹಜವಾಗಿಯೇ ಹೊಳೆಯುತ್ತದೆ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಮೈಯನ್ನು ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿ. ಜಾಕೆಟ್ ದೊಗಳೆಯಾಗಿದ್ದರೆ ನೀವು ಬಗ್ಗಿ ಎದ್ದಾಗಲೆಲ್ಲ ಕಾದ ಗಾಳಿ ಕುತ್ತಿಗೆಯಿಂದ ಹೊರಗೆ ಹೋಗಿ, ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಕೆನಡಾದ ಹವಾಮಾನ ಇಲಾಖೆಯ ಎಚ್ಚರಿಕೆಯ ಪ್ರಕಾರ, ಗಾಳಿಯ ಹೊಡೆತವನ್ನೂ ಸೇರಿಸಿ ಲೆಕ್ಕ ಹಾಕಿದ ಚಳಿ ಸೊನ್ನೆಗಿಂತ 28ರಿಂದ 39ರಷ್ಟು ಕೆಳಗಿದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಬಹುದು. 40 ದಾಟಿದರೆ 5ರಿಂದ 10 ನಿಮಿಷವೇ ಸಾಕು. ಜಾರಿದ ಕಾಲರಿನಿಂದ ಕಾಣುವ ಕುತ್ತಿಗೆ, ದೊಡ್ಡ ಕೈಗವಸು ಮತ್ತು ತೋಳಿನ ನಡುವೆ ಬಯಲಾಗುವ ಮಣಿಕಟ್ಟು, ಇವೂ ತೆರೆದ ಚರ್ಮವೇ.

ಚಳಿಗಿಂತ ದೊಡ್ಡ ಭಯ ಬೇರೆಯೇ ಇದೆ. ಬೆರಳು ಮುಚ್ಚುವಷ್ಟು ಉದ್ದದ ತೋಳು ಡ್ರಿಲ್ಲಿಗೋ ಗ್ರೈಂಡರಿಗೋ ಸಿಕ್ಕಿಕೊಳ್ಳುತ್ತದೆ. ತಲೆ ತಿರುಗಿಸಿದಾಗ ಜೊತೆಗೆ ತಿರುಗದ ದೊಡ್ಡ ಟೋಪಿಯೊಳಗಿನಿಂದ ಪಕ್ಕದಲ್ಲಿ ಹಿಂದಕ್ಕೆ ಬರುತ್ತಿರುವ ಲಾರಿ ಕಾಣುವುದಿಲ್ಲ. ಎತ್ತರದಲ್ಲಿ ಕೆಲಸ ಮಾಡುವವರು ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ ಜೋಲು ಜಾಕೆಟ್ಟಿನ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಬಿದ್ದ ಗಳಿಗೆಯಲ್ಲಿ ಅದು ಜಾರಬಾರದ ಕಡೆಗೆ ಜಾರುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಗುತ್ತಿಗೆದಾರರ ಸ್ಟೋರಿನಲ್ಲಿದ್ದ ಅತಿ ಚಿಕ್ಕ ಜಾಕೆಟ್ ಕೂಡ ನನ್ನ ತೊಡೆಯ ನಡುವಿನವರೆಗೆ ಬರುತ್ತಿತ್ತು, ತೋಳನ್ನು ಎರಡು ಮಡಿಕೆ ಮಾಡಿ ಹಾಕಿಕೊಳ್ಳುತ್ತಿದ್ದೆ. ಆ ಮಡಿಕೆಯೊಳಗೆ ಹಿಮ ತುಂಬಿಕೊಳ್ಳುತ್ತಿತ್ತು. ಚಹಾದ ಬಿಡುವಿನಲ್ಲಿ ಒಳಗೆ ಬಂದು ಕುಳಿತಾಗ ಅದು ಕರಗಿ ತೋಳಿನ ಅಸ್ತರಿಗೆ ಇಳಿಯುತ್ತಿತ್ತು, ಮತ್ತೆ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಅದೇ ನೀರು ಮಣಿಕಟ್ಟಿನ ಸುತ್ತ ಗಟ್ಟಿಯಾಗುತ್ತಿತ್ತು. ಅಲ್ಲಿನ ಚರ್ಮ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿಕೊಂಡು, ಕೊನೆಗೆ ಸ್ಪರ್ಶವೇ ತಿಳಿಯದಂತಾಯಿತು. ಬಟ್ಟೆಯ ಅಳತೆ ಅಂದಚೆಂದದ ವಿಷಯವಲ್ಲ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಹೊರಡುವ ಮುನ್ನ ಊರಿನಲ್ಲಿಯೇ ಮಾಡಿಕೊಳ್ಳಬೇಕಾದ ಕೆಲಸವೊಂದಿದೆ. ನಿಮ್ಮ ಅಳತೆ ಬಲ್ಲ ದರ್ಜಿಯ ಹತ್ತಿರ ಹೋಗಿ ಎದೆ, ಸೊಂಟ, ಹೆಗಲು, ತೋಳು, ತೊಡೆಯ ಸಂದಿನಿಂದ ಹಿಮ್ಮಡಿಯವರೆಗಿನ ಕಾಲಿನ ಒಳಅಳತೆ, ಅಂಗೈಯ ಸುತ್ತಳತೆ, ಇಷ್ಟನ್ನೂ ಇಂಚು ಮತ್ತು ಸೆಂಟಿಮೀಟರ್ ಎರಡರಲ್ಲಿಯೂ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಕಲಬುರಗಿಯಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ನಮ್ಮ ಮೈ ನೋಡಿಯೇ ಬಟ್ಟೆ ಕತ್ತರಿಸುವವರು ಓಣಿಗೊಬ್ಬರು ಇದ್ದಾರೆ. ಮದುವೆಯ ಸೂಟು ಹೊಲಿಸುವಾಗ, "ಕೈ ಎತ್ರಿ, ಉಸಿರು ಬಿಡ್ರಿ" ಎನ್ನುತ್ತ ಟೇಪು ಸುತ್ತುವ ಆ ಮನುಷ್ಯನ ಮುಂದೆ ಯಾರ ಮೈಯೂ ಚಿಕ್ಕದೆನಿಸಿಕೊಳ್ಳುವುದಿಲ್ಲ. ಇಲ್ಲಿ ಬಟ್ಟೆ ಮೊದಲೇ ಸಿದ್ಧವಾಗಿರುತ್ತದೆ, ಮೈ ಅದನ್ನು ಹುಡುಕಿಕೊಂಡು ಹೋಗಬೇಕು. ದೇಶ ಬಿಟ್ಟು ಬಂದಾಗ ಕಳೆದುಕೊಂಡವುಗಳಲ್ಲಿ ನಾನು ಮೊದಲು ಎಣಿಸುವುದು ಆ ದರ್ಜಿಯ ಅಂಗಡಿಯನ್ನೇ. ಅಂಗಡಿಯವರು, "ಹುಡುಗರ ವಿಭಾಗ ಆ ಕಡೆ" ಎಂದು ಕೈ ತೋರಿಸಿದಾಗ ನಿಮ್ಮ ಮನಸ್ಸು ಕುಗ್ಗಬಹುದು. ಕುಗ್ಗಬೇಡಿ, ಹೋಗಿ ನೋಡಿ.

ಅಮೆರಿಕದ ಅಳತೆಯಲ್ಲಿ ಗಂಡಸರ ಸ್ಮಾಲ್ ಎಂದರೆ ಸಾಮಾನ್ಯವಾಗಿ 34ರಿಂದ 36 ಇಂಚಿನ ಎದೆ. ಎದೆ ಹೊಂದಿದರೂ ಹೆಗಲು, ತೋಳು, ಉದ್ದ ಮೂರೂ ನಮಗಿಂತ ಎತ್ತರದವರಿಗೆ ಕತ್ತರಿಸಿದವು. ಹುಡುಗರ ಎಕ್ಸ್‌ಎಲ್, ಅಂದರೆ 18-20ರ ಸೈಜು, ಸುಮಾರು 35-36 ಇಂಚಿನ ಎದೆಗೆ ಬರುತ್ತದೆ, ತೋಳೂ ನಮ್ಮ ಅಳತೆಗೆ ಹತ್ತಿರವಿರುತ್ತದೆ, ಬೆಲೆಯೂ ಕಡಿಮೆ. ಒಂಟಾರಿಯೊದಲ್ಲಿ ಮಕ್ಕಳ ಬಟ್ಟೆಗೆ ಪ್ರಾಂತ್ಯದ ಪಾಲಿನ ತೆರಿಗೆ ಇಲ್ಲ, ಬ್ರಿಟನ್ನಿನಲ್ಲಿ ಮಕ್ಕಳ ಬಟ್ಟೆಗೂ ಪಾದರಕ್ಷೆಗೂ ವ್ಯಾಟ್ ಇಲ್ಲ. ಆದರೆ ಹುಡುಗರ ಬಟ್ಟೆಯನ್ನು ಆಟಕ್ಕೆಂದು ಹೊಲಿದಿರುತ್ತಾರೆ, ಕಬ್ಬಿಣದ ಸರಳು ಹೊರುವುದಕ್ಕಲ್ಲ. ಆದ್ದರಿಂದ ಚಳಿಗೆ ತೊಡುವ ಮೂರು ಪದರಗಳಲ್ಲಿ ಒಳಗಿನ ಎರಡನ್ನು ಅಲ್ಲಿ ಕೊಂಡು, ಹೊರಪದರಕ್ಕೆ ಮಾತ್ರ ಕೆಲಸದ ಬಟ್ಟೆಯನ್ನೇ ಹುಡುಕಿ.

ಒಳಪದರ ಮೈಗೆ ಅಂಟಿಕೊಂಡಂತಿರಬೇಕು, ಹತ್ತಿಯದಾಗಿರಲೇಬಾರದು. ಊರಿನಿಂದ ಡಜನ್ನುಗಟ್ಟಲೆ ಬನಿಯನ್ ತುಂಬಿಕೊಂಡು ಬರುವವರಿಗೆ ಇದು ಕಹಿಯೆನಿಸುತ್ತದೆ, ಆದರೆ ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಕೆಲಸ ನಿಂತೊಡನೆ ಆ ತೇವವೇ ಮೈಯ ಶಾಖವನ್ನು ಎಳೆದುಬಿಡುತ್ತದೆ. ನಮ್ಮ ಕಡೆಯ ಕುರಿಗಾರರು ಮಳೆಯಲ್ಲಿಯೂ ಉಣ್ಣೆಯ ಕಂಬಳಿ ಹೊದ್ದು ನಿಲ್ಲುವುದನ್ನು ನೋಡಿ ಬೆಳೆದವರಿಗೆ, ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಉಡುಪು ಕೊಳ್ಳಿ. ಯೂನಿಕ್ಲೋದಂಥ ಜಪಾನಿ ಅಂಗಡಿಗಳಲ್ಲಿ ಗಂಡಸರಿಗೇ ಎಕ್ಸ್‌ಎಸ್ ಸೈಜು ಸಿಗುತ್ತದೆ, ಅವರ ಹೀಟ್‌ಟೆಕ್ ಎಂಬ ಬೆಚ್ಚನೆಯ ಒಳಉಡುಪುಗಳು ಹೆಚ್ಚು ದಪ್ಪವಿಲ್ಲದ್ದರಿಂದ ಹೊರಗಿನ ಜಾಕೆಟ್ ಉಬ್ಬುವುದಿಲ್ಲ. ನಡುವಿನ ಪದರಕ್ಕೆ ಫ್ಲೀಸ್, ಅಂದರೆ ರೋಮದಂತೆ ಮೆತ್ತಗಿರುವ ಹಗುರ ಪಾಲಿಯೆಸ್ಟರ್ ಬಟ್ಟೆ, ಸಾಕು.

ಹೊರಪದರಕ್ಕೆ ಎಡ್ಮಂಟನ್, ಕ್ಯಾಲ್ಗರಿ ಕಡೆಯವರು ಸಾಮಾನ್ಯವಾಗಿ ಮೊದಲು ಹೋಗುವುದು 1977ರಲ್ಲಿ ಕ್ಯಾಲ್ಗರಿಯಲ್ಲಿ ಶುರುವಾದ ಮಾರ್ಕ್ಸ್ ಅಂಗಡಿಗೆ; 1889ರಿಂದ ಕೆಲಸಗಾರರ ಬಟ್ಟೆ ಹೊಲಿಯುತ್ತಿರುವ ಡೆಟ್ರಾಯಿಟ್ ಕಡೆಯ ಕಾರ್ಹಾರ್ಟ್ ಕೂಡ ಎಲ್ಲೆಡೆ ಸಿಗುತ್ತದೆ. ಸಣ್ಣ ಸೈಜುಗಳನ್ನು ಅಂಗಡಿಗಳು ತರಿಸುವುದೇ ಬೆರಳೆಣಿಕೆಯಷ್ಟು. ಆದ್ದರಿಂದ ಸೆಪ್ಟೆಂಬರ್‌ನಲ್ಲಿ ಹೊಸ ಸರಕು ಬರುತ್ತಿದ್ದಂತೆಯೇ ಹೋಗಿ, ಹಿಮ ಬಿದ್ದ ಮೇಲೆ ಹೋದರೆ ದೊಡ್ಡವೇ ಉಳಿದಿರುತ್ತವೆ. ಯುರೋಪಿನ ಕಂಪನಿಗಳ ಕೆಲಸದ ಬಟ್ಟೆಯನ್ನು ಆನ್‌ಲೈನಿನಲ್ಲಿ ತರಿಸುವುದಾದರೆ, ಅವರ ಅಂಕೆ ಎದೆಯ ಸುತ್ತಳತೆಯ ಅರ್ಧ ಎಂಬುದನ್ನು ನೆನಪಿಡಿ: 44 ಎಂದರೆ 88 ಸೆಂಟಿಮೀಟರ್, 46 ಎಂದರೆ 92. ಜರ್ಮನಿಯವರು ಕುಳ್ಳಗಿರುವ ಗಂಡಸರಿಗೆಂದೇ ಪ್ರತ್ಯೇಕ ಸೈಜು ಇಟ್ಟಿದ್ದಾರೆ. 46ರ ಗಿಡ್ಡ ಅಳತೆಗೆ 23, 48ರದ್ದಕ್ಕೆ 24 ಎಂದು ಬರೆದಿರುತ್ತದೆ. ಅಂಗಡಿಗೆ ಹೋಗುವಾಗ ಒಳಗಿನ ಎರಡೂ ಪದರ ಹಾಕಿಕೊಂಡೇ ಹೋಗಿ. ಎರಡೂ ಕೈ ಮೇಲೆತ್ತಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಿ; ಸೊಂಟ ಬಯಲಾಗಬಾರದು, ಕೈ ಇಳಿಬಿಟ್ಟಾಗ ತೋಳು ಮಣಿಕಟ್ಟನ್ನು ಮುಚ್ಚಬೇಕು, ಬೆರಳಿನ ಗೆಣ್ಣನ್ನು ಮುಟ್ಟಬಾರದು.

ಪ್ಯಾಂಟಿನದು ಇದಕ್ಕಿಂತ ಕಷ್ಟದ ಕಥೆ. ಇಲ್ಲಿ ಪ್ಯಾಂಟಿಗೆ ಎರಡು ಅಂಕೆ, ಮೊದಲನೆಯದು ಸೊಂಟ, ಎರಡನೆಯದು ಕಾಲಿನ ಒಳಅಳತೆ; ಅಂಗಡಿಯಲ್ಲಿ 30-30 ಸಿಗಬಹುದು, ನಮಗೆ ಬೇಕಾದ 28-28 ಅಪರೂಪ. ಎದೆಯವರೆಗೆ ಬರುವ, ಹೆಗಲ ಪಟ್ಟಿಯಿರುವ ಬಿಬ್ ತೆಗೆದುಕೊಳ್ಳಿ. ಪಟ್ಟಿ ಎಳೆದು ಕಟ್ಟಿದರೆ ಸೊಂಟದ ಸಡಿಲ ಬಾಧಿಸುವುದಿಲ್ಲ, ಬಗ್ಗಿದಾಗ ಬೆನ್ನಿಗೆ ಗಾಳಿಯೂ ಹೊಕ್ಕುವುದಿಲ್ಲ. ಆದರೆ ಕೊಳ್ಳುವ ಮುನ್ನ ಕಾಲಿನ ಪಕ್ಕದ ಜಿಪ್ ನೋಡಿ. ಪಾದದವರೆಗೂ ಜಿಪ್ ಇಳಿದಿದ್ದರೆ ಕೆಳಗೆ ಕತ್ತರಿಸಿ ಗಿಡ್ಡ ಮಾಡಿಸುವುದು ಸುಲಭವಲ್ಲ. ಜಿಪ್ಪಿನ ತುದಿಯನ್ನು ಬಿಚ್ಚಿ, ಅಸ್ತರು, ಒಳಗಿನ ಹಿಮತಡೆಯ ಪಟ್ಟಿ ಎಲ್ಲವನ್ನೂ ಮತ್ತೆ ಕೂರಿಸಬೇಕಾಗುತ್ತದೆ, ಅದರ ಕೂಲಿ ಬಟ್ಟೆಯ ಬೆಲೆಯ ಹತ್ತಿರ ಹೋಗಬಹುದು.

ದುರಸ್ತಿಗೆ ಕೊಡುವಾಗ ಎರಡು ವಿಷಯದಲ್ಲಿ ರಾಜಿ ಬೇಡ. ಮಿಂಚುವ ಪಟ್ಟಿಯಿರುವ ಹೈವಿಸ್ ಜಾಕೆಟ್ಟಿನ ಪಟ್ಟಿಯನ್ನು ಕತ್ತರಿಸಿದರೆ ಅದು ದೂರದಿಂದಲೇ ಕಾಣಬೇಕಾದ ಸುರಕ್ಷಾ ಬಟ್ಟೆಗಳಿಗಿರುವ ಕೆನಡಾದ ಝಡ್96 ಮಾನದಂಡಕ್ಕೆ ಹೊಂದದೆ ಹೋಗಬಹುದು. ಬೆಂಕಿ ತಡೆಯುವ ಬಟ್ಟೆಯನ್ನು ಸಾಮಾನ್ಯ ದಾರದಲ್ಲಿ ಹೊಲಿಸಬಾರದು. ಅದಕ್ಕೆ ಬೆಂಕಿಗೆ ಕರಗದ ಅರಾಮಿಡ್ ಎಂಬ ನಾರಿನ ದಾರವೇ ಬೇಕು, ಪಾಲಿಯೆಸ್ಟರ್ ದಾರ ಬೆಂಕಿಗೆ ಕರಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಇಂಥ ಸುರಕ್ಷಾ ಬಟ್ಟೆಯನ್ನು ನಿಮ್ಮ ಅಳತೆಯಲ್ಲಿ ತರಿಸಿಕೊಡಿ ಎಂದು ಮೇಲ್ವಿಚಾರಕರನ್ನು ಕೇಳಿ. ಅಮೆರಿಕಕ್ಕೆ ಹೋಗುವವರಿಗೆ ಈಗ ಕಾನೂನಿನ ಬಲವೂ ಇದೆ: ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಓಶಾದ ನಿಯಮದಂತೆ 2025ರ ಜನವರಿ 13ರಿಂದ ಕಟ್ಟಡ ಕೆಲಸಗಾರರ ಸುರಕ್ಷಾ ಸಾಧನಗಳು ಪ್ರತಿಯೊಬ್ಬರ ಮೈಗೂ ಸರಿಹೊಂದಲೇಬೇಕು. ಬರೀ ಚಳಿಗೆಂದು ಹಾಕುವ ಜಾಕೆಟ್, ಕೈಗವಸುಗಳ ಖರ್ಚನ್ನು ಮಾಲೀಕ ಕೊಡಬೇಕೆಂದು ಆ ನಿಯಮಗಳು ಹೇಳುವುದಿಲ್ಲ. ಹೊಸ ಕೆಲಸ, ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮಲ್ಲಿ ಹೆಚ್ಚು. ದಯವಿಟ್ಟು ಈ ಒಂದು ವಿಷಯದಲ್ಲಿ ಅದನ್ನು ಬದಿಗಿಡಿ.

ಬೂಟು ಊರಿನ ನಂಬರ್ ನೋಡಿ ಕೊಳ್ಳಬೇಡಿ. ನಮ್ಮ 6 ಇಲ್ಲಿ ಸುಮಾರು 7 ಆಗುತ್ತದೆ, ಗಂಡಸರ ಸುರಕ್ಷಾ ಬೂಟುಗಳು ಬಹುಮಟ್ಟಿಗೆ ಶುರುವಾಗುವುದೇ 7ರಿಂದ. ಊರಿನಲ್ಲಿ 5 ಹಾಕುವವರು ಹೆಂಗಸರ ಸುರಕ್ಷಾ ಬೂಟು ನೋಡಲಿ. ಇಲ್ಲಿನ ಗಂಡಸರ ನಂಬರಿಗೆ ಒಂದೂವರೆ ಕೂಡಿಸಿದರೆ ಇಲ್ಲಿನ ಹೆಂಗಸರ ನಂಬರ್ ಸಿಗುತ್ತದೆ. ಯಾರ ಬೂಟಾದರೂ ಕೆನಡಾದಲ್ಲಿ ಹಸಿರು ತ್ರಿಕೋನದ ಗುರುತು ಇದೆಯೇ ನೋಡಿ, ಅದಿದ್ದರೆ ಮುಂಭಾಗ ಬಲವಾದ ಪೆಟ್ಟನ್ನೂ ಅಟ್ಟೆ ಮೊಳೆಯನ್ನೂ ತಡೆಯುತ್ತದೆ. ಬೂಟಿನ ಮುಂಭಾಗದಲ್ಲಿ ಬೆರಳು ಕಾಯುವ ಗಟ್ಟಿ ಟೋಪಿ ಉಕ್ಕಿನದಾದರೆ ಚಳಿಯನ್ನು ಬೇಗ ಒಳಗೆ ಬಿಡುತ್ತದೆ, ಕಾಂಪೊಸಿಟ್, ಅಂದರೆ ಲೋಹವಲ್ಲದ ಗಟ್ಟಿ ವಸ್ತುವಿನದಾಗಿದ್ದರೆ ಒಳ್ಳೆಯದು. ದೊಡ್ಡ ಬೂಟಿಗೆ ಮೂರು ಜೊತೆ ಕಾಲುಚೀಲ ತುಂಬುವ ಉಪಾಯ ಬೇಡವೇ ಬೇಡ; ಬಿಗಿಯಾದಲ್ಲಿ ರಕ್ತ ಓಡುವುದಿಲ್ಲ, ರಕ್ತ ಓಡದ ಬೆರಳೇ ಮೊದಲು ಮರಗಟ್ಟುತ್ತದೆ. ಕೈಗವಸಿನ 7ನೇ ನಂಬರ್ ಸುಮಾರು 7 ಇಂಚಿನ ಅಂಗೈ ಸುತ್ತಳತೆಗೆ ಹೊಂದುತ್ತದೆ. ಊರಿನ ದಪ್ಪ ಮಂಕಿ ಕ್ಯಾಪ್ ಹೆಲ್ಮೆಟ್ಟನ್ನು ಎತ್ತಿ ಹಿಡಿಯುತ್ತದೆ, ತಲೆ, ಮುಖ, ಕುತ್ತಿಗೆ ಮುಚ್ಚುವ ತೆಳುವಾದ ಬಾಲಕ್ಲಾವಾ ಟೋಪಿ ಕೊಳ್ಳಿ.

ನನ್ನ ಮಗ ಇಲ್ಲಿಯೇ ಹುಟ್ಟಿ ಬೆಳೆದವನು. ಅವನು ಏಳನೇ ತರಗತಿಯಲ್ಲಿದ್ದಾಗ ಇಬ್ಬರೂ ಒಂದೇ ವಿಭಾಗದಲ್ಲಿ, ಒಂದೇ ಸೈಜಿನ ಫ್ಲೀಸ್ ಕೊಂಡೆವು; ಮರುವರ್ಷ ಅವನು ನನ್ನನ್ನು ಮೀರಿ ಬೆಳೆದ. ಊರಿನಲ್ಲಿ ಅಣ್ಣನ ಅಂಗಿ ತಮ್ಮನಿಗೆ, ಅಪ್ಪನ ಕೋಟು ಮಗನಿಗೆ ಇಳಿದು ಬರುತ್ತಿತ್ತು. ನಮ್ಮ ಮನೆಯಲ್ಲಿ ಮಗ ಬಿಟ್ಟದ್ದು ಅಪ್ಪನಿಗೆ ಬಂತು. ಅವನು ಅದನ್ನು ಕೊಡುವಾಗ ನಾಚಿಕೊಂಡ, ನಾನು ಖುಷಿಯಿಂದಲೇ ತೊಟ್ಟೆ, ಇವತ್ತಿಗೂ ತೊಡುತ್ತೇನೆ. ಈ ಊರು ಅವನ ಮೈಯಳತೆಗೆ ಬಟ್ಟೆ ಇಟ್ಟಿದೆ ಎಂಬುದು ನನಗೆ ನಿಜವಾದ ಸಮಾಧಾನ. ಕಲಬುರಗಿಯಲ್ಲಿ ಅಜ್ಜ ಹೊಲಿಸಿದ್ದ ಕೋಟು ಅವನಿಗೆ ಎಂದೂ ಹೊಂದಲಾರದು ಎಂಬ ನೋವೂ ಅದರ ಜೊತೆಗೇ ಇದೆ.

ನಿಮ್ಮ ಹತ್ತಿರ ಸಣ್ಣ ಅಳತೆಯ ಜಾಕೆಟ್, ಬಿಬ್, ಬೂಟು ಹೆಚ್ಚಾಗಿ ಉಳಿದಾಗ ಎಸೆಯಬೇಡಿ, ದಾನದ ಪೆಟ್ಟಿಗೆಗೂ ಹಾಕಬೇಡಿ. ಅಲ್ಲಿ ಅದು ಬೇಕಾದವನ ಕೈಗೆ ಸೇರುವುದು ಕಷ್ಟ. ತೊಳೆದು, ಜಿಪ್ಪುಗಳನ್ನು ಎಳೆದು ನೋಡಿ, ಎದೆ, ತೋಳು, ಕಾಲಿನ ಒಳಅಳತೆಯನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದು ಪಿನ್ನು ಹಾಕಿ, ನಿಮ್ಮ ಊರಿನ ಕನ್ನಡ ಸಂಘದವರಿಗೆ ಆಗಸ್ಟಿನೊಳಗೆ ತಲುಪಿಸಿ. ಕಂಪನಿಯ ಸೈಜು ಬರೆಯುವುದಕ್ಕಿಂತ ಇಂಚಿನ ಲೆಕ್ಕ ಬರೆಯುವುದು ಮೇಲು, ದರ್ಜಿಯ ಚೀಟಿ ಹಿಡಿದು ಬಂದ ಹುಡುಗ ಅದನ್ನು ಹಾಕಿ ನೋಡದೆಯೇ ಆರಿಸಿಕೊಳ್ಳಬಲ್ಲ.