ಸಂಶೋಧನೆಯ ಲೆಕ್ಕ ಇನ್ನೊಬ್ಬರ ಕೈಯಲ್ಲೂ ಅದೇ ಬರಬೇಕಾದರೆ

ಪಿಎಚ್‌ಡಿಗೆ ಸೇರಿ ಮೊದಲ ಬಾರಿಗೆ ದತ್ತಾಂಶವನ್ನು ಕೈಗೆತ್ತಿಕೊಳ್ಳುತ್ತಿರುವವರು ಒಂದು ಪ್ರಶ್ನೆಯನ್ನು ಆರಂಭದಲ್ಲೇ ಕೇಳಿಕೊಳ್ಳಬೇಕು: ನನ್ನ ಫೈಲುಗಳನ್ನಷ್ಟೇ ಪಡೆದ ಅಪರಿಚಿತರೊಬ್ಬರು, ನನ್ನನ್ನು ಏನೂ ಕೇಳದೆ, ನಾನು ಪ್ರಕಟಿಸಿದ ಉತ್ತರವನ್ನೇ ಮತ್ತೆ ಪಡೆಯಬಲ್ಲರೇ? ಹೌದು ಎನ್ನಬೇಕಾದರೆ ಕೆಲಸದ ನಡುವೆ ಕೈಗೊಂಡ ಪ್ರತಿಯೊಂದು ತೀರ್ಮಾನವನ್ನೂ ಅಂದಂದೇ ಬರೆದಿಡಬೇಕು. ಇದನ್ನು ನಾನು ಇಷ್ಟು ಒತ್ತಿ ಹೇಳಲು ಅರ್ಥಶಾಸ್ತ್ರದ ಒಂದು ಪ್ರಸಿದ್ಧ ಪ್ರಕರಣ ಕಾರಣ.

2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಅವರು, ಸರ್ಕಾರದ ಸಾಲ ಜಿಡಿಪಿಯ ಶೇ. 90ನ್ನು ದಾಟಿದ ಶ್ರೀಮಂತ ದೇಶಗಳಲ್ಲಿ ಆರ್ಥಿಕ ಬೆಳವಣಿಗೆಯ ಸರಾಸರಿ ಸೊನ್ನೆಗಿಂತ ಕೆಳಗೆ, ಶೇ. -0.1ಕ್ಕೆ, ಇಳಿಯುತ್ತದೆ ಎಂದು ಪ್ರಕಟಿಸಿದರು. ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹೆರ್ನ್‌ಡನ್ ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕವನ್ನು ಮತ್ತೆ ಮಾಡಿದಾಗ ಅದೇ ಉತ್ತರ ಬರಲಿಲ್ಲ. ಕೇಳಿದಾಗ ಲೇಖಕರು ತಮ್ಮ ಎಕ್ಸೆಲ್ ಫೈಲನ್ನು ಕಳುಹಿಸಿಕೊಟ್ಟರು. 30ನೇ ಸಾಲಿನಿಂದ 49ರವರೆಗೆ ಹೋಗಬೇಕಿದ್ದ ಸರಾಸರಿಯ ಸೂತ್ರ 44ಕ್ಕೇ ನಿಂತು, ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಹೊರಗುಳಿದಿದ್ದವು. ಹೆರ್ನ್‌ಡನ್ ಮತ್ತು ಅವರ ಇಬ್ಬರು ಪ್ರಾಧ್ಯಾಪಕರು 2013ರಲ್ಲಿ ಕೊಟ್ಟ ಮರುಲೆಕ್ಕದಲ್ಲಿ ಸರಾಸರಿ ಶೇ. 2.2 ಆಯಿತು. ಎಲ್ಲರೂ ಮಾತಾಡಿದ್ದು ಆ ಸೂತ್ರದ ಬಗ್ಗೆ. ಆದರೆ ವ್ಯತ್ಯಾಸದಲ್ಲಿ ಅದರ ಪಾಲು 0.3 ಶೇಕಡಾ ಅಂಶ ಮಾತ್ರ. ದೊಡ್ಡ ಪಾಲು ಬಂದದ್ದು ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಆಯ್ಕೆಗಳಿಂದ: ನ್ಯೂಜಿಲೆಂಡ್‌ನ ಒಂದೇ ವರ್ಷದ ಶೇ. -7.6ಕ್ಕೂ ಬ್ರಿಟನ್ನಿನ 19 ವರ್ಷಗಳ ಸರಾಸರಿಗೂ ಒಂದೇ ತೂಕ ಸಿಕ್ಕಿತ್ತು. ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು, ಆಯ್ಕೆಗಳ ಬಗೆಗಿನ ಆಕ್ಷೇಪವನ್ನು ಒಪ್ಪಲಿಲ್ಲ. ಆ ಚರ್ಚೆ ನಡೆಯಲು ಸಾಧ್ಯವಾದದ್ದಾದರೂ ಅವರು ಫೈಲನ್ನು ಕೊಟ್ಟದ್ದರಿಂದ.

ಆದ್ದರಿಂದ ಮೂಲ ದತ್ತಾಂಶದಿಂದ ಆರಂಭಿಸಿ. ಅದು ಕೈಗೆ ಬಂದ ದಿನವೇ ತಿದ್ದಲಾಗದಂತೆ ಫೈಲನ್ನು ಭದ್ರಪಡಿಸಿ, ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರಿನಿಂದಾಚೆ ಬೇರೆಡೆ ಇಡಿ. ಮುಂದಿನ ತಿದ್ದುಪಡಿಗಳೆಲ್ಲ ಬೇರೆ ಪ್ರತಿಯಲ್ಲಿ ನಡೆಯಲಿ. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಪುಟಗಳಿಗೆ ಸಂಖ್ಯೆ ಹಾಕಿ, ಪೆನ್ನಿನಲ್ಲೇ ಬರೆಯಿರಿ; ತಪ್ಪಾದರೆ ಅಡಿಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನೂ ತಾರೀಖನ್ನೂ ಬರೆದು ಸಹಿ ಮಾಡಿ.

ರಾಗಿ ತಳಿಗಳ ಇಳುವರಿ ಪ್ರಯೋಗವೊಂದರಲ್ಲಿ ಹನ್ನೆರಡು ತಾಕುಗಳಿವೆ ಎಂದುಕೊಳ್ಳಿ. ಕೊಯ್ಲಿಗೆ ಇನ್ನೊಂದು ವಾರವಿದೆ ಎನ್ನುವಾಗ 7ನೇ ತಾಕಿಗೆ ದನ ನುಗ್ಗಿ ಒಂದು ಮೂಲೆಯ ತೆನೆಗಳನ್ನು ಮೇಯ್ದುಬಿಟ್ಟಿವೆ. ಅಂದೇ ಸಂಜೆ ‘ತಾಕು 7, ಪೂರ್ವದ ಮೂಲೆ, ಸುಮಾರು ಕಾಲು ಭಾಗ ದನ ಮೇಯ್ದಿದೆ, ತೂಕ ಮಾಡುತ್ತೇವೆ, ಸರಾಸರಿಗೆ ಸೇರಿಸುವುದಿಲ್ಲ’ ಎಂದು ತಾರೀಖಿನೊಂದಿಗೆ ಬರೆದಿಟ್ಟರೆ ಅದು ಸರಿಯಾದ ಕ್ರಮ. ಕೊಯ್ಲು ಮುಗಿದು, ತೂಕ ನೋಡಿ, ನಮ್ಮ ತಳಿಯ ಸರಾಸರಿ ಕುಗ್ಗಿತೆಂದು ಅದೇ ತಾಕನ್ನು ಕೈಬಿಟ್ಟರೆ ಅದು ಫಲಿತಾಂಶವನ್ನು ಬೇಕಾದಂತೆ ತಿರುಗಿಸಿದ ಹಾಗೆ. ಕೋಷ್ಟಕದಲ್ಲಿ ಎರಡೂ ಸಂದರ್ಭದಲ್ಲಿ ಕಾಣುವುದು ಅವೇ ಹನ್ನೊಂದು ಅಂಕಿಗಳು. ಯಾವುದು ನಡೆಯಿತೆಂದು ಹೇಳಬಲ್ಲದ್ದು ನೋಟ್‌ಬುಕ್ಕಿನ ಆ ಒಂದು ಸಾಲು ಮಾತ್ರ. ಪ್ರಬಂಧ ಬರೆಯುವಾಗ 7ನೇ ತಾಕನ್ನು ಸೇರಿಸಿದರೆ ಎಷ್ಟು, ಬಿಟ್ಟರೆ ಎಷ್ಟು ಎಂಬುದನ್ನು ಎರಡನ್ನೂ ಕೊಡಿ.

ಎಕ್ಸೆಲ್ ಬಳಸುವವರು ದತ್ತಾಂಶ ತುಂಬುವ ಮೊದಲೇ ಕಾಲಂಗಳ ಬಗೆಯನ್ನು (ಪಠ್ಯ, ಸಂಖ್ಯೆ, ತಾರೀಖು) ನಿಗದಿಪಡಿಸಬೇಕು, ಏಕೆಂದರೆ ನಾವು ತುಂಬಿದ್ದನ್ನು ಅದು ತಾನಾಗಿಯೇ ಬದಲಿಸುವುದುಂಟು. ‘ಸೆಪ್ಟ್2’, ‘ಮಾರ್ಚ್1’ ಎಂಬ ವಂಶವಾಹಿಗಳ ಹೆಸರನ್ನು ಅದು ತಾರೀಖೆಂದು ತಿಳಿದುಕೊಳ್ಳುತ್ತಿತ್ತು. ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಕೊಟ್ಟಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆಯೆಂದು 2016ರ ಪರಿಶೀಲನೆಯೊಂದು ತೋರಿಸಿತು. ಕೊನೆಗೆ ವಂಶವಾಹಿಗಳ ನಾಮಕರಣ ಸಮಿತಿಯೇ ಹೆಸರುಗಳನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಬದಲಿಸಬೇಕಾಯಿತು. ಸಾಧ್ಯವಿದ್ದಲ್ಲಿ ಲೆಕ್ಕವನ್ನು ಆರ್ ಅಥವಾ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಿರಿ. ಮೌಸ್‌ನಿಂದ ಮಾಡಿದ ಕೆಲಸ ಗುರುತು ಉಳಿಸುವುದಿಲ್ಲ, ಬರೆದ ಕೋಡ್ ಉಳಿಸುತ್ತದೆ. ಬಳಸಿದ ಪ್ಯಾಕೇಜುಗಳ ಆವೃತ್ತಿಯನ್ನೂ, ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದ್ದರೆ ಅದೇ ಸರಣಿ ಮತ್ತೆ ಬರುವಂತೆ ಮಾಡುವ ಆರಂಭದ ಸಂಖ್ಯೆಯನ್ನೂ (ಸೀಡ್) ಜೊತೆಗಿಡಿ.

ಯಾವ ಪ್ರಶ್ನೆಗೆ ಯಾವ ಪರೀಕ್ಷೆ ಮಾಡುತ್ತೇವೆ ಎಂಬುದನ್ನು ದತ್ತಾಂಶ ನೋಡುವ ಮುನ್ನವೇ ಒಂದು ಪುಟದಲ್ಲಿ ಬರೆದು ಮಾರ್ಗದರ್ಶಕರಿಗೆ ಕಳುಹಿಸಿ. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಮೊದಲೇ ಸಿಟಿಆರ್‌ಐ ಎಂಬ ರಾಷ್ಟ್ರೀಯ ಪ್ರಯೋಗ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ಉಳಿದ ಕ್ಷೇತ್ರಗಳವರಿಗೆ ಕಡ್ಡಾಯವಿಲ್ಲದಿದ್ದರೂ ಒಂದು ಇಮೇಲ್‌ನ ತಾರೀಖು ಸಾಕಷ್ಟು ಕೆಲಸ ಮಾಡುತ್ತದೆ. ನಂತರ ಯೋಜನೆ ಬದಲಾದರೆ ಬದಲಾಗಲಿ, ಯಾಕೆ ಬದಲಾಯಿತೆಂದು ಸೇರಿಸಿ ಬರೆದರಾಯಿತು.

ಪ್ರಬಂಧ ಕಳುಹಿಸುವ ಮುನ್ನ ಇಡೀ ಫೋಲ್ಡರನ್ನು ಪಕ್ಕದ ಲ್ಯಾಬಿನ ಸ್ನೇಹಿತರಿಗೆ ಕೊಟ್ಟು, ಅವರ ಕಂಪ್ಯೂಟರಿನಲ್ಲಿ ಮೊದಲ ಕೋಷ್ಟಕವನ್ನು ತೆಗೆದುಕೊಡಲು ಹೇಳಿ. ನೀವು ಹತ್ತಿರ ಕುಳಿತಿರಿ, ಆದರೆ ಬಾಯಿ ಬಿಡಬೇಡಿ. ಅವರು ತಡವರಿಸಿದ ಪ್ರತಿಯೊಂದು ಜಾಗವೂ ಫೋಲ್ಡರಿನಲ್ಲಿ ಏನಿದೆ, ಹೇಗೆ ಬಳಸಬೇಕು ಎಂದು ವಿವರಿಸುವ ರೀಡ್‌ಮಿ ಫೈಲಿನಲ್ಲಿ ಒಂದು ವಾಕ್ಯವಾಗಬೇಕು. ದತ್ತಾಂಶದಲ್ಲಿ ರೋಗಿಗಳ ಅಥವಾ ಊರವರ ವೈಯಕ್ತಿಕ ವಿವರಗಳಿದ್ದರೆ ಅವನ್ನು ತೆಗೆಯದೆ, ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬಾರದು.

ಕೃತಿಚೌರ್ಯದ ಪರಿಶೀಲನೆಯನ್ನೇ ಪ್ರಾಮಾಣಿಕತೆಯ ಪ್ರಮಾಣಪತ್ರವೆಂದು ತಿಳಿಯುವ ವಾಡಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೆಳೆದಿರುವುದು ನನಗೆ ನಿಜಕ್ಕೂ ಆತಂಕದ ವಿಷಯ. ಯುಜಿಸಿಯ 2018ರ ನಿಯಮಗಳಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಆ ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು. 7ನೇ ತಾಕು ಎಲ್ಲಿ ಹೋಯಿತು ಎಂಬುದು ಅದಕ್ಕೆ ಕಾಣುವುದಿಲ್ಲ.

ಪ್ರಕಟವಾದ ಮೇಲೆ ತಪ್ಪು ಕಂಡರೆ ಮೊದಲು ಸಹಲೇಖಕರಿಗೆ, ತಡಮಾಡದೆ ಸಂಪಾದಕರಿಗೆ ತಿಳಿಸಿ. ಯಾವ ಕೋಷ್ಟಕ, ಯಾವ ಅಂಕಿ, ಮೊದಲು ಎಷ್ಟಿತ್ತು, ಈಗ ಎಷ್ಟು, ತಪ್ಪು ಹೇಗಾಯಿತು, ತೀರ್ಮಾನ ನಿಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಪತ್ರದಲ್ಲಿ ನೇರವಾಗಿ ಬರೆಯಿರಿ. ತಿದ್ದಿದ ಫೈಲನ್ನು ಹೊಸ ಹೆಸರಿನಲ್ಲಿ ಸೇರಿಸಿ, ಹಳೆಯದನ್ನು ಅಳಿಸದೆ ಅಲ್ಲೇ ಬಿಡಿ.